ಬೀಗದ ಕೈ ಗೊಂಚಲು

ಮುಂಜಾನೆ ಬಾಗಿಲು ತಟ್ಟುವವರಲ್ಲಿ ಎರಡು ಬಗೆ. ಹಾಲಿನವನಂತೆ ಬಂದ ಕೆಲಸ ಮುಗಿಸಿ ಹೊರಟುಹೋಗುವವರು ಒಂದು ಬಗೆ. ಕೊಟ್ಟ ಸಾಲ ಕೇಳಲು ಬಂದು, ನಾಳೆ ಬನ್ನಿ ಎಂದರೆ ನಾಳೆಯೂ ತಪ್ಪದೆ ಬರುವವರು ಇನ್ನೊಂದು ಬಗೆ. ಬಂಗಾರಪೇಟೆಯ ನನ್ನ ಮನೆಗೆ ಎಂಟು ತಿಂಗಳ ಕಾಲ ಈ ಎರಡನೆಯ ಬಗೆಯವನೊಬ್ಬ ಬರುತ್ತಿದ್ದ. ಅವನ ವಾಸ ನನ್ನ ಲ್ಯಾಪ್‌ಟಾಪಿನೊಳಗೆ. ಯಂತ್ರವನ್ನು ತೆರೆದೊಡನೆ ಪರದೆಯ ನಡುವೆ ಸಣ್ಣದೊಂದು ಚೌಕ ಮೂಡುತ್ತಿತ್ತು. ಕೀಲಿಗೊಂಚಲು ತೆರೆದಿಲ್ಲ, ಪಾಸ್‌ವರ್ಡ್ ಕೊಡಿ ಎಂಬುದು ಅದರ ಬೇಡಿಕೆ. ಅದನ್ನು ಮುಚ್ಚಿದರೆ ಐದು ನಿಮಿಷಕ್ಕೆ ಮತ್ತೆ ಹಾಜರು.

ತಪ್ಪು ನನ್ನದೇ. ನಾನು ಪಾಸ್‌ವರ್ಡನ್ನು ಮರೆತಿದ್ದೆ. ಹಬ್ಬಕ್ಕೆ ಬಂದ ಸೋದರಳಿಯ ಹತ್ತು ನಿಮಿಷ ಕುಳಿತು ಹೊಸದೊಂದನ್ನು ಹಾಕಿಕೊಟ್ಟ. “ಮಾವ, ಇನ್ನು ಮೇಲೆ ಇದೇ. ಇದನ್ನಾದರೂ ಬರೆದಿಟ್ಟುಕೊಳ್ಳಿ” ಎಂದು ಹೇಳಿ ಊರಿಗೆ ಹೋದ. ಮರುದಿನದಿಂದಲೇ ಈ ಕಾಟ. ಹೊಸ ಗುಟ್ಟನ್ನು ಕೊಟ್ಟರೆ ಒಪ್ಪದು, ಹಳೆಯದನ್ನೇ ಕೇಳುತ್ತದೆ. ಹಳೆಯದು ನೆನಪಿದ್ದರೆ ಹೊಸದೇಕೆ ಬೇಕಿತ್ತು?

ಸಿಟ್ಟು ಇಳಿದ ಮೇಲೆ ವಿಚಾರಿಸಿ ತಿಳಿದುಕೊಂಡೆ. ಯಂತ್ರಕ್ಕೆ ಒಂದು ಹೊರಬಾಗಿಲು, ಒಳಗೊಂದು ಪೆಟ್ಟಿಗೆ. ನಾವು ನೆನಪಿಡಲಾರದೆ ಯಂತ್ರಕ್ಕೆ ಒಪ್ಪಿಸಿದ ಅಂಚೆಯ ಗುಟ್ಟು, ಇನ್ನಿತರ ಗುಟ್ಟುಗಳೆಲ್ಲ ಆ ಪೆಟ್ಟಿಗೆಯಲ್ಲಿರುತ್ತವೆ. ಲಿನಕ್ಸ್ ವ್ಯವಸ್ಥೆಯಲ್ಲಿ ಅದನ್ನು ಕೀರಿಂಗ್ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಬೀಗದ ಕೈ ಗೊಂಚಲು. ಸಾಮಾನ್ಯವಾಗಿ ಒಂದೇ ಪಾಸ್‌ವರ್ಡ್ ಎರಡನ್ನೂ ತೆರೆಯುವುದರಿಂದ ಪೆಟ್ಟಿಗೆ ಇದೆಯೆಂಬುದೇ ನಮಗೆ ತಿಳಿಯುವುದಿಲ್ಲ. ಬಲ್ಲವರು ಹೊರಬಾಗಿಲ ಬೀಗವನ್ನು ಬದಲಿಸಬಹುದು. ಆದರೆ ಪೆಟ್ಟಿಗೆಯ ಸಂಗತಿ ಬೇರೆ. ಅದರೊಳಗಿನ ಬರಹವೆಲ್ಲ ಹಳೆಯ ಮಾತಿನ ಬಲದಿಂದಲೇ ಕಲಸಿಹೋಗಿರುತ್ತದೆ. ಆ ಮಾತಿಲ್ಲದೆ ಅದು ಅರ್ಥವಿಲ್ಲದ ಅಕ್ಷರಗಳ ರಾಶಿ.

ಹಾಗಾದರೆ ಹೊರಬಾಗಿಲ ಬಳಿ ನನ್ನನ್ನು ವರ್ಷಗಟ್ಟಲೆ ಗುರುತಿಸಿದ ಯಂತ್ರವೇ ಹಳೆಯ ಮಾತನ್ನು ಹೇಳಬಾರದೆ? ಹೇಳಲಾರದು, ಅದಕ್ಕೂ ಗೊತ್ತಿಲ್ಲ. ಗಣಕಯಂತ್ರಕ್ಕೆ ಪಾಸ್‌ವರ್ಡು ಬಂದದ್ದು 1960ರ ದಶಕದ ಆದಿಯಲ್ಲಿ, ಅಮೆರಿಕದ ಎಂ.ಐ.ಟಿ.ಯಲ್ಲಿ. ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳಬೇಕಾದಾಗ ಒಬ್ಬರ ಬರಹ ಇನ್ನೊಬ್ಬರಿಗೆ ಕಾಣದಿರಲೆಂದು ಫರ್ನಾಂಡೊ ಕಾರ್ಬಟೊ ಎಂಬ ವಿಜ್ಞಾನಿಯ ತಂಡ ಈ ಏರ್ಪಾಡು ಮಾಡಿತು. ಆಗ ಗುಟ್ಟುಗಳನ್ನೆಲ್ಲ ಇದ್ದಂತೆಯೇ ಒಂದು ಕಡತದಲ್ಲಿ ಬರೆದಿಡುತ್ತಿದ್ದರು. 1966ರಲ್ಲಿ ಒಂದು ದಿನ ಎರಡು ಕಡತಗಳು ಅದಲುಬದಲಾಗಿ, ದಿನದ ಪ್ರಕಟಣೆ ಕಾಣಬೇಕಾದಲ್ಲಿ ಎಲ್ಲರ ಗುಟ್ಟೂ ಎಲ್ಲರಿಗೂ ಕಂಡಿತಂತೆ! ಮುಂದಿನವರು ಜಾಣರಾದರು. ಗುಟ್ಟನ್ನು ನುಣ್ಣಗೆ ಅರೆದು ಪುಡಿಯನ್ನಷ್ಟೇ ಇಟ್ಟುಕೊಳ್ಳುವ ಉಪಾಯ ಹೂಡಿದರು. ನಾವು ಹೇಳಿದ ಮಾತನ್ನು ಯಂತ್ರ ಮತ್ತೆ ಅರೆದು, ಪುಡಿಗೆ ಪುಡಿ ಹೊಂದಿದರೆ ಒಳಗೆ ಬಿಡುತ್ತದೆ. ಕೋಲಾರದ ಚಿನ್ನದ ಗಣಿಯ ಸೀಮೆಯವರಿಗೆ ಇದು ಬೇಗ ಅರ್ಥವಾಗುವ ಮಾತು. ಅದಿರನ್ನು ಕುಟ್ಟಿ ಪುಡಿಮಾಡಿದ ಮೇಲೆ ಪುಡಿಯಿಂದ ಬಂಡೆಯನ್ನು ಮತ್ತೆ ಕಟ್ಟಲಾದೀತೆ?

ಗಣಿಯ ಮಾತು ಸುಮ್ಮನೆ ಬರಲಿಲ್ಲ. ನನ್ನ ಅಣ್ಣ ಚಾಂಪಿಯನ್ ರೀಫ್‌ನಲ್ಲಿ ದುಡಿದವನು. ನೆಲದಿಂದ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಗಣಿ ಅದು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದಾಗ ಅಣ್ಣನೂ ಮೇಲೆ ಬಂದ, ಮತ್ತೆ ಇಳಿಯಲಿಲ್ಲ. ಬದುಕಿನ ಕೊನೆಯ ಕೆಲವು ವರ್ಷ, ಮೊಮ್ಮಗನಿಂದ ಕಲಿತು, ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತಿ ನನಗೆ ಮಿಂಚಂಚೆ ಬರೆಯುತ್ತಿದ್ದ. ಮುಟ್ಟಿದರೆ ಸುಡುವ ಆಳದ ಬಂಡೆ, ಬಂಡೆ ಸಿಡಿದಾಗ ಮೇಲೆ ಮನೆಯ ಪಾತ್ರೆಗಳು ನಡುಗುತ್ತಿದ್ದ ಬಗೆ, ಗಾಳಿಗೆ ಸೈನೈಡ್ ದಿಬ್ಬಗಳಿಂದ ಏಳುತ್ತಿದ್ದ ಧೂಳು, ಹೀಗೆ. ಎದುರಿಗೆ ಕುಳಿತಾಗ ಈ ಮಾತುಗಳನ್ನು ಅವನು ಎಂದೂ ಆಡಿದವನಲ್ಲ. 2022ರಲ್ಲಿ ಅವನು ತೀರಿಕೊಂಡ. ಕಾಗದಗಳು ಅಂಚೆಪೆಟ್ಟಿಗೆಯಲ್ಲಿ ಭದ್ರವಾಗಿವೆ ಎಂದುಕೊಂಡಿದ್ದೆ. ಈಗ ಆ ಅಂಚೆಪೆಟ್ಟಿಗೆಯ ಕೀಲಿ ಗೊಂಚಲಿನೊಳಗೆ. ಗೊಂಚಲಿನ ಕೀಲಿ ನನ್ನ ಮರೆವಿನೊಳಗೆ. ಫೋನಿಗೆ ಸಂಕೇತ ಕಳಿಸುತ್ತೇವೆ ಎಂದು ಅಂಚೆಯವರು ತೋರಿಸಿದ್ದು ನಾನು ಎಂದೋ ಬಿಟ್ಟ ಹಳೆಯ ನಂಬರು.

ದಿನವೂ ಊಹೆ ಮಾಡಿ ಒತ್ತಿದೆ. ತಾಯಿಯ ಹೆಸರು, ಮಗಳು ಹುಟ್ಟಿದ ವರ್ಷ, ನಾವು ಹುಡುಗರಾಗಿ ಕಂಡ ಗಿಫರ್ಡ್ ಶಾಫ್ಟಿನ ಹೆಸರು. ಯಾವುದೂ ಅಲ್ಲ. ಒಂದು ಕಾಲದ ನಾನು ಯಾವ ಹೆಸರನ್ನು ಪ್ರೀತಿಯಿಂದ ಆರಿಸಿಕೊಂಡಿದ್ದೆನೋ ಅದು ಇಂದಿನ ನನಗೆ ತಿಳಿಯದು. ಲೋಕದ ಎಷ್ಟೋ ಗಣಿಗಳಲ್ಲಿ ಇಳಿಯುವವನ ಕೈಗೆ ನಂಬರಿನ ಬಿಲ್ಲೆ ಕೊಡುವ ಪದ್ಧತಿ ಇತ್ತು. ಬಿಲ್ಲೆ ಮರಳಿ ಬಾರದಿದ್ದರೆ ಮನುಷ್ಯ ಕೆಳಗೇ ಉಳಿದನೆಂದು ಹುಡುಕಲು ಹೊರಡುತ್ತಿದ್ದರು. ಮನಸ್ಸಿನೊಳಗೆ ಇಳಿದು ಮರಳದ ಮಾತನ್ನು ಹುಡುಕಲು ಯಾರನ್ನು ಕಳಿಸೋಣ?

ಕೊನೆಗೆ ಸೋದರಳಿಯನಿಗೆ ಫೋನು ಮಾಡಿದೆ. “ಹಳೆಯ ಗೊಂಚಲನ್ನು ಅಳಿಸಿಬಿಟ್ಟರೆ ಹೊಸದು ಹುಟ್ಟುತ್ತದೆ ಮಾವ, ಕಾಟ ನಿಲ್ಲುತ್ತದೆ” ಎಂದ. ಅಳಿಸಲು ಮನಸ್ಸು ಬರಲಿಲ್ಲ. ಅಳಿಸುವುದೇ ಬೇಡ, ಆ ಕಡತಕ್ಕೆ ಬೇರೆ ಹೆಸರಿಟ್ಟು ಪಕ್ಕಕ್ಕೆ ಸರಿಸಿದರೂ ಸಾಕೆಂದು ಅವನೇ ದಾರಿ ತೋರಿಸಿದ. ಹಾಗೆಯೇ ಮಾಡಿದೆವು. ಎಂಟು ತಿಂಗಳ ಅತಿಥಿ ಮರುದಿನ ಬರಲಿಲ್ಲ. ಹಳೆಯ ಗೊಂಚಲು ಈಗಲೂ ಒಂದು ಮೂಲೆಯಲ್ಲಿದೆ, ನೀರು ತುಂಬಿದ ಗಣಿಯ ಹಾಗೆ. ಮಾತು ನೆನಪಾದ ದಿನ ತೆರೆದೀತು.

ಆದರೆ ಚೌಕ ಮೂಡದ ಆ ಮುಂಜಾನೆ, ನೆಮ್ಮದಿಗೆ ಬದಲು ಮನಸ್ಸು ಬರಿದಾಯಿತು. ದಿನವೂ ಕಾಡಿದವನು ಅಣ್ಣನ ಕಾಗದಗಳ ನೆನಪನ್ನೂ ದಿನವೂ ಮಾಡಿಕೊಡುತ್ತಿದ್ದನಲ್ಲವೆ? ಆಗಲೇ ಸರಳವಾದ ಸಂಗತಿಯೊಂದು ಹೊಳೆಯಿತು. ಕಾಗದಕ್ಕೆ ಎರಡು ತುದಿ. ನನ್ನ ತುದಿ ಮುಚ್ಚಿದ್ದರೆ ಬರೆದವನ ತುದಿ ಇದೆಯಲ್ಲ! ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿ, ಕೋರಮಂಡಲ್, ಊರಿಗಾಂ ದಾಟಿ ಚಾಂಪಿಯನ್‌ನಲ್ಲಿ ಇಳಿದೆ. ಅತ್ತಿಗೆ ಬೀರುವಿನಿಂದ ಅಣ್ಣನ ಫೋನನ್ನು ತೆಗೆದು ಕೊಟ್ಟರು. ಅದನ್ನು ಚಾರ್ಜು ಮಾಡಿ ಇಡುವುದನ್ನು ಅವರು ನಿಲ್ಲಿಸಿರಲಿಲ್ಲ. ಅದಕ್ಕೆ ಪಾಸ್‌ವರ್ಡೇ ಇರಲಿಲ್ಲ.

“ಮನೆಯವರಿಂದ ಏನು ಮುಚ್ಚುಮರೆ ಅನ್ನುತ್ತಿದ್ದರು. ನನಗೆ ಓದಲು ಬರುವುದಿಲ್ಲ, ನೀವೇ ಓದಿ ಹೇಳಿ” ಎಂದರು ಅತ್ತಿಗೆ.

ಸಂಜೆಯ ಗಾಡಿಯ ಹೊತ್ತಿನವರೆಗೂ ಓದಿದೆ. ಇನ್ನೂ ಅರ್ಧ ಉಳಿದಿದೆ. ಮುಂದಿನ ಭಾನುವಾರ ಮತ್ತೆ ಹೋಗಬೇಕು.