ಕುಳಿತವನನ್ನು ಎಬ್ಬಿಸುವವನೇ ನಾಯಕನು



ಮಠದ ಉತ್ಸವದಲ್ಲಿ ಆಟದ ಮಾತೇಕೆಂದು ಕೆಲವರು ಕೇಳಬಹುದು. ಕಾಯಕದಲ್ಲಿ ಮೇಲುಕೀಳೆಂಬುದನ್ನು ಶರಣರು ಒಪ್ಪಲಿಲ್ಲ. ಆ ತತ್ತ್ವವು ಬಾಲಕರಿಗೆ ನಿಚ್ಚಳವಾಗಿ ಕಾಣುವ ಸ್ಥಳವು ಶಾಲೆಯ ಬಯಲು; ಕಾಣಿಸುವ ಆಟವು ಖೋಖೋ.

ಈ ಆಟದ ರೂಢಿಯ ಕ್ರಮದಲ್ಲಿ ಬೆನ್ನಟ್ಟುವ ಪಕ್ಷದವರು 9 ಮಂದಿ. ಅವರಲ್ಲಿ 8 ಮಂದಿ ನಡುಗೆರೆಯ ಚೌಕಗಳಲ್ಲಿ, ಒಬ್ಬನು ಈ ಕಡೆಗೆ, ಮಗ್ಗುಲವನು ಆ ಕಡೆಗೆ ಮುಖಮಾಡಿ ಕುಳಿತಿರುವರು, ಓಡುವವನು ಒಬ್ಬನೇ. ಅವನು ಎಷ್ಟು ಚುರುಕಿನವನಾದರೂ ನಡುಗೆರೆಯನ್ನು ದಾಟಲಾರನು. ಹಿಡಿದ ದಿಕ್ಕನ್ನು ಬಿಟ್ಟು ನಡುವೆಯೇ ಹಿಂದಿರುಗಲಾರನು. ಎದುರಾಳಿಯು ಗೆರೆಯಾಚೆಗೆ ನುಸುಳಿದೊಡನೆ, ಕುಳಿತವನೊಬ್ಬನನ್ನು ಹಿಂದಿನಿಂದ ಮುಟ್ಟಿ ‘ಖೋ’ ಎನ್ನಲೇಬೇಕು. ಕುಳಿತವನಾದರೋ ಕರೆ ಬಾರದೆ ಏಳುವಂತಿಲ್ಲ. ಆದಕಾರಣ ತನ್ನ ಗೆಳೆಯರನ್ನಷ್ಟೇ ಎಬ್ಬಿಸುವ ನಾಯಕನ ಪಕ್ಷವು ಅರ್ಧ ಬಲದಿಂದ ಆಡಿದಂತೆಯೇ ಸರಿ.

ಚೌಕದಲ್ಲಿಯೂ ಸ್ಥಳ ದೊರೆಯದೆ, ಸಂಗಡಿಗರ ಅಂಗಿಗಳನ್ನು ಕಾಯುತ್ತ, ನೀರು ತಂದುಕೊಡುತ್ತ ಗೆರೆಯ ಹೊರಗೆ ಕೂಡ್ರುವ ಹುಡುಗರೂ ಉಂಟು. ಇಂಥವನು ಒಂದು ದಿನ ಬಯಲಿಗೆ ಬಾರದಿದ್ದರೆ ಯಾರೂ ಕೇಳುವುದಿಲ್ಲ. ಯಾರೂ ಕೇಳದಿರುವುದೇ ಅವನು ಮತ್ತೆ ಬಾರದಿರುವುದಕ್ಕೆ ಕಾರಣವಾಗುತ್ತದೆ. ನಾಯಕನ ಮೊದಲ ಕೆಲಸವು ಅವನನ್ನು ಹೆಸರು ಹಿಡಿದು ಕೇಳುವುದು. ಎರಡನೆಯದು ನಿತ್ಯದ ಅಭ್ಯಾಸದಲ್ಲಿ ತನ್ನ ಪಕ್ಕದ ಚೌಕವನ್ನು ಅವನಿಗೆ ಕೊಡುವುದು. ಅಭ್ಯಾಸವಿಲ್ಲದವನನ್ನು ಪಂದ್ಯದ ಇಕ್ಕಟ್ಟಿನಲ್ಲಿ ಒಮ್ಮೆಲೇ ನಿಲ್ಲಿಸುವುದು ಕರುಣೆಯಲ್ಲ, ಅಪಮಾನ.

“ಅವನಿಂದ ಸೋತರೆ ಗತಿಯೇನು?” ಎಂಬ ಪ್ರಶ್ನೆ ಬರುವುದು. ಸೋಲು ಬಂದೀತು. ಆಗ “ಇವನನ್ನು ಆರಿಸಿದವನು ನಾನು” ಎಂದು ತಪ್ಪನ್ನು ತಾನು ಹೊತ್ತುಕೊಳ್ಳುವವನೇ ನಾಯಕನು. ಗೆಲವಿನ ಮಾಲೆಗೆ ಕೊರಳೊಡ್ಡುವುದು ಯಾರಿಗಾದರೂ ಸುಲಭ.

ಇದಕ್ಕೆ ದೃಷ್ಟಾಂತವನ್ನು ದೂರ ಹುಡುಕಬೇಕಿಲ್ಲ. ಹಾನಗಲ್ಲ ಕುಮಾರ ಶಿವಯೋಗಿಗಳು ಕಣ್ಣಿಲ್ಲದ ಬಾಲಕನೊಬ್ಬನ ಕಂಠವನ್ನು ಗುರುತಿಸಿ ಸಂಗೀತ ಕಲಿಸಿದರು. ಆ ಬಾಲಕನೇ ಪಂಚಾಕ್ಷರಿ ಗವಾಯಿಗಳಾದನು (1892–1944). ಅವರು ಕಣ್ಣಿಲ್ಲದ ಪುಟ್ಟರಾಜರನ್ನು (1914–2010) ಬೆಳೆಸಿದರು. ಪುಟ್ಟರಾಜರು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಸಂಖ್ಯ ಅಂಧ ಬಾಲಕರಿಗೆ ಅನ್ನವನ್ನೂ ವಿದ್ಯೆಯನ್ನೂ ಇತ್ತರು. ಒಬ್ಬರು ಕರೆದರು, ಇನ್ನೊಬ್ಬರು ಎದ್ದರು, ಎದ್ದವರು ಮತ್ತೊಬ್ಬರನ್ನು ಕರೆದರು.

2025ರ ಜನವರಿಯಲ್ಲಿ ದಿಲ್ಲಿಯೊಳಗೆ ನಡೆದ ಖೋಖೋದ ಮೊದಲನೆಯ ವಿಶ್ವಕಪ್ಪನ್ನು ಭಾರತದ ಪುರುಷರೂ ಮಹಿಳೆಯರೂ ಗೆದ್ದರು. ಮಹಿಳೆಯರ ತಂಡದಲ್ಲಿ ತಿರುಮಕೂಡಲು ನರಸೀಪುರ ತಾಲೂಕಿನ ಕುರುಬೂರಿನ ಚೈತ್ರಾ ಇದ್ದರು. ಹಳ್ಳಿಯ ಬಯಲಿನಿಂದ ಅಷ್ಟು ದೂರಕ್ಕೆ ದಾರಿಯುಂಟು. ಆದರೆ ಆ ದಾರಿಯ ಮೊದಲ ಹೆಜ್ಜೆಯು ಕುಳಿತವರ ಬೆನ್ನ ಮೇಲೆ ಬೀಳುವ ಒಂದು ಕೈ.

ವಿದ್ಯಾರ್ಥಿಗಳೇ, ನಾಳೆ ಬಯಲಿಗಿಳಿದಾಗ ಗೆರೆಯ ಹೊರಗೆ ಕುಳಿತವನನ್ನು ಮೊದಲು ನೋಡಿರಿ. ಅವನನ್ನು ಕರೆಯುವ ಬುದ್ಧಿಯನ್ನು ಶ್ರೀಗುರುವು ನಿಮಗೆ ಕರುಣಿಸಲಿ.