ಕರ್ನಲ್‌ನ ವಿಳಂಬ ಯಾರ ಲೆಕ್ಕಕ್ಕೆ?

ಹೊತ್ತಿಗೆ ಸರಿಯಾಗಿ ಕೆಲಸ ಮುಗಿಸುವ ಬಗ್ಗೆ ಎರಡು ದಿನ ಮಾತಾಡಲಿರುವ ಗೋಷ್ಠಿ ಇಪ್ಪತ್ತು ನಿಮಿಷ ತಡವಾಗಿ ಶುರುವಾಗಿದೆ. ಆಯೋಜಕರು ನನ್ನ ಶಿಷ್ಯರೇ ಆದ್ದರಿಂದ ಹೆಚ್ಚು ಹೇಳುವುದಿಲ್ಲ.

ಎಂಬೆಡೆಡ್ ಪ್ರೊಸೆಸರುಗಳ ರಿಯಲ್-ಟೈಮ್ ಕರ್ನಲ್‌ಗಳಲ್ಲಿ ಲೇಟೆನ್ಸಿ ಇಳಿಸುವ ಬಗೆ ಎಂದು ಆಮಂತ್ರಣದಲ್ಲಿ ಅಚ್ಚಾಗಿದೆ. ಓದುತ್ತಿದ್ದಂತೆ ನನ್ನ ಹಳೆಯ ತಕರಾರು ತಲೆಯೆತ್ತಿತು. ಲೇಟೆನ್ಸಿ ಎನ್ನುವುದು ಕರ್ನಲ್‌ನ ಒಳಗೆ ಕೂತಿದೆ, ಅದನ್ನು ಅಲ್ಲಿಂದ ಕೆರೆದು ತೆಗೆಯಬೇಕು ಎಂದು ನಾವೆಲ್ಲ ನಂಬಿಕೊಂಡು ಬಂದಿದ್ದೇವೆ. ನಮ್ಮ ಕ್ಷೇತ್ರ ದಾರಿ ತಪ್ಪಿದ್ದು ಅಲ್ಲಿಯೇ ಎಂಬುದು ನನ್ನ ವಾದ.

ಕಾರ್ಟೆಕ್ಸ್-ಎಂ3 ಪ್ರೊಸೆಸರಿನ ಇಂಟರಪ್ಟ್ ಲೇಟೆನ್ಸಿ ಎಷ್ಟು ಎಂದು ಕೇಳಿದರೆ ಎರಡನೇ ವರ್ಷದ ವಿದ್ಯಾರ್ಥಿಯೂ 12 ಸೈಕಲ್ ಎನ್ನುತ್ತಾನೆ. ಎಂಟು ರಿಜಿಸ್ಟರುಗಳನ್ನು ಹಾರ್ಡ್‌ವೇರೇ ಸ್ಟ್ಯಾಕಿಗೆ ತಳ್ಳಿ ಹ್ಯಾಂಡ್ಲರ್ ಒಳಗೆ ಕಾಲಿಡುವಷ್ಟು ಹೊತ್ತು ಅದು. 72 ಮೆಗಾಹರ್ಟ್ಸ್‌ನಲ್ಲಿ ಸುಮಾರು 0.17 ಮೈಕ್ರೊಸೆಕೆಂಡ್. ಸಂಖ್ಯೆ ಸುಳ್ಳಲ್ಲ, ಮೆಮೊರಿಗೆ ಕಾಯುವ ಅಗತ್ಯವೇ ಇಲ್ಲದಿದ್ದರೆ ಎಂಬ ಷರತ್ತು ಮಾತ್ರ ಅದರ ಬೆನ್ನಿಗಿದೆ. ಅದೇ ಕುಟುಂಬದ ಎಸ್‌ಟಿಎಂ32ಎಫ್4 ಚಿಪ್ಪನ್ನು 168 ಮೆಗಾಹರ್ಟ್ಸ್‌ನಲ್ಲಿ ಓಡಿಸಿದರೆ ಫ್ಲ್ಯಾಶ್ ಮೆಮೊರಿಗೆ ಐದು ವೇಟ್ ಸ್ಟೇಟ್ ಇಡಬೇಕು. ವೆಕ್ಟರ್ ಟೇಬಲ್ ಫ್ಲ್ಯಾಶ್‌ನಲ್ಲಿದೆ, ಹ್ಯಾಂಡ್ಲರಿನ ಮೊದಲ ಸೂಚನೆಯೂ ಅಲ್ಲೇ ಇದೆ. ಆಮೇಲೆ ಆ ಹನ್ನೆರಡು ಹನ್ನೆರಡಾಗಿಯೇ ಉಳಿಯುತ್ತದೆಂದು ಯಾರೂ ಬರೆದುಕೊಡುವುದಿಲ್ಲ.

ಇದು ಚಿಪ್ಪಿನ ಕಡೆಯ ಕಥೆ. ಥಿಯರಿಯವರ ಕಥೆಯೇ ಬೇರೆ. ಲಿಯು ಮತ್ತು ಲೇಲ್ಯಾಂಡ್ 1973ರಲ್ಲಿ ಬರೆದ ಪ್ರಬಂಧವನ್ನು ಇಲ್ಲಿರುವ ಅರ್ಧ ಜನ ಪಾಠ ಮಾಡುತ್ತೀರಿ, ಉಳಿದರ್ಧ ಅದರ ಮೇಲೆ ಪರೀಕ್ಷೆ ಬರೆದಿದ್ದೀರಿ. ಟಾಸ್ಕ್‌ಗಳು ಎಷ್ಟೇ ಇದ್ದರೂ ಪ್ರೊಸೆಸರಿನ ಬಳಕೆ ಶೇ. 69ರೊಳಗಿದ್ದರೆ ರೇಟ್ ಮೊನೊಟೋನಿಕ್ ಕ್ರಮದಲ್ಲಿ ಎಲ್ಲ ಡೆಡ್‌ಲೈನ್‌ಗಳೂ ನಿಲ್ಲುತ್ತವೆ. ಪೀರಿಯಡ್‌ಗಳು ಒಂದರ ಗುಣಕ ಇನ್ನೊಂದಾಗಿದ್ದರೆ ನೂರಕ್ಕೆ ನೂರು ತುಂಬಿಸಬಹುದು. ಚೆಲುವಾದ ಗಣಿತ. ಆದರೆ ಟಾಸ್ಕ್ ಬದಲಿಸಲು ಕರ್ನಲ್ ತೆಗೆದುಕೊಳ್ಳುವ ಹೊತ್ತು ಅಲ್ಲಿ ಸೊನ್ನೆ. ಆ ಸೊನ್ನೆಯನ್ನು ತುಂಬಿಸುವ ಪ್ರಬಂಧಗಳು ಆಮೇಲೆ ಬಂದವು ಎಂದು ಎರಡನೇ ಸಾಲಿನಲ್ಲಿ ಕೂತ ನಮ್ಮ ಪ್ರೊಫೆಸರ್ ಮೇಡಂ ಕೈ ಎತ್ತುವ ಮುಂಚೆ ನಾನೇ ಒಪ್ಪಿಕೊಂಡುಬಿಡುತ್ತೇನೆ. ಬಂದವು, ಮೇಡಂ. ಅವನ್ನು ಕರ್ನಲ್ ಬರೆಯುವವರು ಎಷ್ಟು ಮಂದಿ ಓದಿದರು?

ಪೀಣ್ಯದ ಕಾರ್ಖಾನೆಯೊಂದರಲ್ಲಿ ದಾರ ಸುತ್ತುವ ಯಂತ್ರದ ಮೋಟರ್ ಕಂಟ್ರೋಲರ್ ನೋಡಲು ನನ್ನನ್ನು ಕರೆದಿದ್ದರು. ಯಂತ್ರ ನಡೆಸುವವರು ಹಾಸನದ ಕಡೆಯವರು. ನಾನು ಲಾಜಿಕ್ ಅನಲೈಸರ್ ಬಿಚ್ಚುವಷ್ಟರಲ್ಲಿ ಅವರೇ ರೋಗ ಹೇಳಿಬಿಟ್ಟರು: “ಸೆಕೆಂಡಿಗೊಂದು ಸಲ ಕಟ್ ಅಂತದೆ ಸಾರ್. ಬೇಕಾದ್ರೆ ವಾಚ್ ಹಿಡ್ಕಂಡು ನೋಡಿ.” ಹಿಡಿದುಕೊಂಡು ನೋಡಿದೆ. ಸೆಕೆಂಡಿಗೊಂದೇ.

ಒಳಗಿದ್ದದ್ದು ಫ್ರೀಆರ್‌ಟಿಓಎಸ್. ಎನ್‌ಕೋಡರಿನ ಇಂಟರಪ್ಟ್ ಬಂದಾಗ ಹ್ಯಾಂಡ್ಲರ್ ಕೌಂಟರ್ ಓದಿ ಕ್ಯೂಗೆ ಹಾಕುತ್ತಿತ್ತು. ಟೈಮರಿನ ಇನ್‌ಪುಟ್ ಕ್ಯಾಪ್ಚರ್ ಬಳಸಬೇಕಿತ್ತು ಎಂದು ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟುತ್ತಿದ್ದೀರಿ. ಹೌದು, ಬಳಸಬೇಕಿತ್ತು. ಆದರೆ ಬೋರ್ಡಿನ ಮೇಲೆ ಆ ಪಿನ್ ಆಗಲೇ ಬೇರೆ ಕೆಲಸಕ್ಕೆ ಹೋಗಿತ್ತು. ಇಂಥ ಫಜೀತಿ ಗೊತ್ತಿಲ್ಲದವರು ಇಲ್ಲಿ ಯಾರೂ ಇಲ್ಲ. ಕ್ಯೂ ಮುಟ್ಟುವ ಹ್ಯಾಂಡ್ಲರ್ ಆದ್ದರಿಂದ ಅದರ ಪ್ರಯಾರಿಟಿ ಕರ್ನಲ್ ಮರೆಮಾಡಬಲ್ಲ ಮಟ್ಟದಲ್ಲೇ ಇರಬೇಕು. ಕರ್ನಲ್ ಬೇಸ್‌ಪ್ರೈ ರಿಜಿಸ್ಟರ್ ಏರಿಸಿದ ಕೂಡಲೇ ಎನ್‌ಕೋಡರ್ ಬಾಗಿಲಾಚೆ ನಿಲ್ಲಬೇಕು.

ಏರಿಸುವುದು ಯಾವಾಗ? ಪ್ರತಿ ಟಿಕ್‌ನಲ್ಲೂ. ಕಾರ್ಟೆಕ್ಸ್-ಎಂ3 ಪೋರ್ಟ್‌ನಲ್ಲಿ ಟಿಕ್ ಹ್ಯಾಂಡ್ಲರ್ ಮೊದಲು ಬೇಸ್‌ಪ್ರೈ ಏರಿಸುತ್ತದೆ, ಆಮೇಲೆ ಮಲಗಿರುವ ಟಾಸ್ಕ್‌ಗಳ ಪಟ್ಟಿಯ ತಲೆ ನೋಡುತ್ತದೆ. ಹೊತ್ತಾಗಿದ್ದರೆ ಅದನ್ನು ಪಟ್ಟಿಯಿಂದ ಬಿಡಿಸಿ ರೆಡಿ ಪಟ್ಟಿಗೆ ಸೇರಿಸಿ ಮುಂದಿನದನ್ನು ನೋಡುತ್ತದೆ. ಹೊತ್ತಾಗದ ಟಾಸ್ಕ್ ಸಿಗುವ ತನಕ ಈ ಸುತ್ತು ನಿಲ್ಲುವುದಿಲ್ಲ. ಆ ಎಂಜಿನಿಯರುಗಳು ಪುಸ್ತಕದಲ್ಲಿ ಹೇಳಿದಂತೆ ಪೀರಿಯಡ್‌ಗಳನ್ನು 10, 20, 100, 1000 ಮಿಲಿಸೆಕೆಂಡ್ ಎಂದು ಒಂದರೊಳಗೊಂದು ಕೂರುವಂತೆ ಇಟ್ಟಿದ್ದರು, ಎಲ್ಲವನ್ನೂ ಒಟ್ಟಿಗೆ ಹೊರಡಿಸಿದ್ದರು. ಸೆಕೆಂಡಿಗೊಂದು ಟಿಕ್‌ನಲ್ಲಿ ಅಷ್ಟೂ ಟಾಸ್ಕ್‌ಗಳು ಒಟ್ಟಿಗೆ ಏಳುತ್ತಿದ್ದವು. ಎಬ್ಬಿಸಿ ಮುಗಿಯುವಷ್ಟರಲ್ಲಿ ಹದಿನೈದಿಪ್ಪತ್ತು ಮೈಕ್ರೊಸೆಕೆಂಡ್. ಎನ್‌ಕೋಡರಿನ ಒಂದು ಪಲ್ಸಿಗೂ ಇನ್ನೊಂದಕ್ಕೂ ನಡುವೆ ಇದ್ದದ್ದೇ ನೂರು ಚಿಲ್ಲರೆ. ವೇಗದ ಲೆಕ್ಕ ಒಂದೇಟಿಗೆ ಶೇಕಡಾ ಹದಿನೈದರಷ್ಟು ತಪ್ಪಿ ಟಾರ್ಕ್ ಜಿಗಿಯುತ್ತಿತ್ತು. ಆ ಹಾಸನದವರ ಕಿವಿಗೆ ಬೀಳುತ್ತಿದ್ದದ್ದು ಅದು.

ಟಾಸ್ಕ್‌ಗಳ ಹೊರಡುವ ಹೊತ್ತನ್ನು ಒಂದೊಂದು ಟಿಕ್ ಆಚೀಚೆ ಸರಿಸಿದೆವು. ಶಬ್ದ ನಿಂತಿತು. ಕರ್ನಲ್‌ನ ಒಂದು ಸಾಲನ್ನೂ ಮುಟ್ಟಲಿಲ್ಲ, ಡೇಟಾಶೀಟಿನ ಸಂಖ್ಯೆಯೂ ಬದಲಾಗಲಿಲ್ಲ. ಹಾಗಾದರೆ ಆ ವಿಳಂಬ ಯಾರದ್ದು? ಥಿಯರಿ ಯಾವ ಜೋಡಣೆಯನ್ನು ಹೊಗಳುತ್ತದೋ ಅದೇ ಕರ್ನಲ್‌ಗೆ ಅತಿ ಭಾರ ಹೊರಿಸಿತ್ತು. ಎಲ್ಲ ಟಾಸ್ಕ್‌ಗಳೂ ಒಟ್ಟಿಗೆ ಹೊರಡುವ ಗಳಿಗೆಯೇ ಅತ್ಯಂತ ಕೆಟ್ಟ ಗಳಿಗೆ ಎಂದು 1973ರಲ್ಲೇ ತೋರಿಸಿದ್ದರು ನಿಜ. ಆ ಗಳಿಗೆಯಲ್ಲಿ ಕರ್ನಲ್‌ನ ಸ್ವಂತ ಖರ್ಚೂ ಶಿಖರಕ್ಕೇರುತ್ತದೆ ಎಂಬುದು ಆ ಸಮೀಕರಣದಲ್ಲಿಲ್ಲ.

ಇದರೊಳಗೆ ಇನ್ನೊಂದು ಕೊಕ್ಕೆಯೂ ಇದೆ. ಮಲಗಿರುವ ಟಾಸ್ಕ್‌ಗಳ ಆ ಪಟ್ಟಿ ಜೋಡಣೆಯಾಗಿರುವುದು ಏಳುವ ಹೊತ್ತಿನ ಮೇಲೆ, ಪ್ರಯಾರಿಟಿಯ ಮೇಲಲ್ಲ. ಒಂದೇ ಹೊತ್ತಿನವರಲ್ಲಿ ಮೊದಲು ಬಂದವರಿಗೆ ಮೊದಲು. ಡಿಸ್ಪ್ಲೇಗೆ ಅಂಕಿ ಬರೆಯುವ ಟಾಸ್ಕ್ ಎದ್ದ ಮೇಲೆ ಮೋಟರಿನ ಟಾಸ್ಕ್ ಏಳಬಹುದು. ಇದು ಕರ್ನಲ್‌ನ ಹೊಟ್ಟೆಯೊಳಗೇ ನಡೆಯುವ ಪ್ರಯಾರಿಟಿ ಇನ್ವರ್ಷನ್. ಷಾ, ರಾಜಕುಮಾರ್, ಲೆಹೋಕ್ಜಿ 1990ರಲ್ಲಿ ಕೊಟ್ಟ ಇನ್ಹೆರಿಟೆನ್ಸ್ ಮದ್ದು ಇದಕ್ಕೆ ನಾಟುವುದಿಲ್ಲ, ಏಕೆಂದರೆ ಇಲ್ಲಿ ಬೀಗವೇ ಇಲ್ಲ.

ಪ್ರಯಾರಿಟಿ ಇನ್ವರ್ಷನ್ ಮಾತು ಬಂದರೆ 1997ರ ಮಾರ್ಸ್ ಪಾತ್‌ಫೈಂಡರ್ ಬರಲೇಬೇಕು. ಮಂಗಳದ ಮೇಲೆ ಕಂಪ್ಯೂಟರ್ ಮತ್ತೆ ಮತ್ತೆ ರೀಸೆಟ್ ಆದ ಕಥೆ ನಿಮಗೆ ಬಾಯಿಪಾಠ. ಹೆಚ್ಚಾಗಿ ಬಿಟ್ಟುಹೋಗುವ ಒಂದು ಅಂಶವಿದೆ. ಸಿಕ್ಕಿಹಾಕಿಕೊಂಡ ಮ್ಯೂಟೆಕ್ಸನ್ನು ಯಾನದ ಸಾಫ್ಟ್‌ವೇರ್ ಬರೆದವರು ಸೃಷ್ಟಿಸಿರಲಿಲ್ಲ. ಅವರು ಸೆಲೆಕ್ಟ್ ಎಂಬ ಫಂಕ್ಷನ್ ಕರೆದಿದ್ದರು, ವಿಎಕ್ಸ್‌ವರ್ಕ್ಸ್ ಅದರ ಒಳಗೆ ತನ್ನದೇ ಮ್ಯೂಟೆಕ್ಸ್ ಇಟ್ಟುಕೊಂಡಿತ್ತು, ಅದರಲ್ಲಿ ಇನ್ಹೆರಿಟೆನ್ಸ್ ಆಫ್ ಆಗಿತ್ತು. ಕರ್ನಲ್‌ನವರ ದೃಷ್ಟಿಯಲ್ಲಿ ಅದು ಸಮಂಜಸವಾದ ಡೀಫಾಲ್ಟ್, ಯಾನದವರ ದೃಷ್ಟಿಯಲ್ಲಿ ಸಾಮಾನ್ಯ ಫಂಕ್ಷನ್ ಕಾಲ್. ಎರಡೂ ಕಡೆ ತಪ್ಪಿಲ್ಲ, ನಡುವೆ ಮಾತ್ರ ಯಾರೂ ಇರಲಿಲ್ಲ.

ಈ ನಡುವಿನ ಜಾಗಕ್ಕೆ ಇಳಿದವರೇ ಇಲ್ಲ ಎಂದಲ್ಲ. ಎಸ್‌ಇಎಲ್4 ಕರ್ನಲ್‌ಗೆ 2011ರಲ್ಲಿ ಪೂರ್ತಿ ಸಮಯ ವಿಶ್ಲೇಷಣೆ ಮಾಡಿದರು. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯವರು ಫ್ರೀಆರ್‌ಟಿಓಎಸ್ ಶೆಡ್ಯೂಲರ್ ಸರಿಯಾಗಿ ನಡೆಯುತ್ತದೆಯೇ ಎಂದು ಗಣಿತದಿಂದ ಪರೀಕ್ಷಿಸಿದ್ದಾರೆ. ಹೊತ್ತಿನ ಲೆಕ್ಕ ಅದರ ವ್ಯಾಪ್ತಿಯಲ್ಲಿರಲಿಲ್ಲ, ಇರಬೇಕೆಂದು ನಾನು ಜಗಳವನ್ನೂ ತೆಗೆಯುವುದಿಲ್ಲ. ಲಿನಕ್ಸ್‌ನ ಪ್ರಿಎಂಪ್ಟ್-ಆರ್‌ಟಿ ಸುಮಾರು ಇಪ್ಪತ್ತು ವರ್ಷ ಹೊರಗಿದ್ದು 2024ರಲ್ಲಿ, 6.12ರ ಹೊತ್ತಿಗೆ, ಮುಖ್ಯ ಕರ್ನಲ್ ಸೇರಿತು. ನಾಳೆ ಅದರ ಬಗ್ಗೆ ಪೂರ್ತಿ ಒಂದು ಗೋಷ್ಠಿಯಿದೆ, ನಾನು ಅಲ್ಲಿಗೆ ಕೈ ಹಾಕುವುದಿಲ್ಲ. ಒಂದು ಬಿನ್ನಹ ಮಾತ್ರ: ಸೈಕ್ಲಿಕ್‌ಟೆಸ್ಟ್ ರಾತ್ರಿಯಿಡೀ ಓಡಿಸಿ ಬೆಳಿಗ್ಗೆ ಸಿಕ್ಕ ದೊಡ್ಡ ಸಂಖ್ಯೆಯನ್ನು ಗರಿಷ್ಠ ಎಂದು ಸ್ಲೈಡಿನಲ್ಲಿ ಹಾಕಬೇಡಿ. ಅದು ಆ ರಾತ್ರಿ ಕಂಡ ಗರಿಷ್ಠ.

ನನಗೆ ಬೇಕಾದದ್ದು ಸಂಖ್ಯೆಯಲ್ಲ, ಸೂತ್ರ. ಕರ್ನಲ್ ಕೊಡುವವರು ಹೀಗೆ ಬರೆದುಕೊಡಲಿ: ಇಂಟರಪ್ಟ್ ಮರೆಯಾಗಿರುವ ಹೊತ್ತು ಇಷ್ಟು, ಒಂದೇ ಟಿಕ್‌ನಲ್ಲಿ ಏಳುವ ಪ್ರತಿ ಟಾಸ್ಕಿಗೆ ಇನ್ನಿಷ್ಟು. ಆ ‘ಇನ್ನಿಷ್ಟು’ ಕೂಡ ಸ್ಥಿರವಲ್ಲ, ಬಲ್ಲೆ. ಕಾರ್ಟೆಕ್ಸ್-ಎಂ7ರಲ್ಲಿ ಕರ್ನಲ್ ಕ್ಯಾಶ್ ಹಿಂದೆ ಕೂತರೆ ಒಂದು ಬೆಲೆ, ಟಿಸಿಎಂನಲ್ಲಿ ಕೂತರೆ ಇನ್ನೊಂದು. ಅದನ್ನು ನಿರ್ಧರಿಸುವುದು ಲಿಂಕರ್ ಸ್ಕ್ರಿಪ್ಟಿನ ಒಂದು ಸಾಲು. ಅದನ್ನು ಬರೆಯುವವರು ಸಾಮಾನ್ಯವಾಗಿ ತಂಡಕ್ಕೆ ಹೊಸದಾಗಿ ಸೇರಿದ ಹುಡುಗನೋ ಹುಡುಗಿಯೋ!

ನನ್ನನ್ನು ಬಿಡದೆ ಕಾಡುತ್ತಿರುವ ಪ್ರಶ್ನೆ ಇದರ ಆಚೆಯದು. ಒಂದು ಟಿಕ್‌ನಲ್ಲಿ ಎಷ್ಟು ಟಾಸ್ಕ್ ಏಳಬಹುದು? ಒಟ್ಟು ಟಾಸ್ಕ್‌ಗಳಿಗಿಂತ ಹೆಚ್ಚಿಲ್ಲ ಎಂದರೆ ಮಾತು ಮುಗಿಯಿತು. ಆದರೆ ಮೂವತ್ತು ಟಾಸ್ಕ್‌ಗಳಿದ್ದರೆ ಪ್ರತಿ ಟಿಕ್‌ಗೂ ಮೂವತ್ತರ ದಂಡ ಹಿಡಿಯಬೇಕು, ಆಗ ಪ್ರೊಸೆಸರ್ ಕಾಗದದ ಮೇಲೇ ತುಂಬಿಹೋಗುತ್ತದೆ. ಪೀಣ್ಯದಲ್ಲಿ ಹೊರಡುವ ಹೊತ್ತು ನಮ್ಮ ಕೈಯಲ್ಲಿತ್ತು, ಸರಿಸಿದೆವು. ಟಾಸ್ಕ್‌ಗಳು ಕ್ಯೂ ಮೇಲೆ ಟೈಮ್‌ಔಟ್ ಇಟ್ಟು ಕಾಯುತ್ತಿದ್ದರೆ? ಟೈಮ್‌ಔಟ್ ಶುರುವಾಗುವ ಹೊತ್ತನ್ನು ಹೊರಗಿನ ಘಟನೆ ಗೊತ್ತುಮಾಡುತ್ತದೆ. ಒಂದು ಕೇಬಲ್ ಕಿತ್ತರೆ ಐದು ಟಾಸ್ಕ್‌ಗಳ ಟೈಮ್‌ಔಟ್ ಒಂದೇ ಟಿಕ್‌ಗೆ ಬಂದು ಬೀಳಬಹುದು, ಅದೂ ವ್ಯವಸ್ಥೆ ಚುರುಕಾಗಿ ಸ್ಪಂದಿಸಲೇಬೇಕಾದ ಗಳಿಗೆಯಲ್ಲಿ. ಎಬ್ಬಿಸುವ ಕೆಲಸವನ್ನು ಇಂಟರಪ್ಟ್‌ನಿಂದ ತೆಗೆದು ಒಂದು ಕರ್ನಲ್ ಟಾಸ್ಕಿಗೆ ಒಪ್ಪಿಸಿದರೆ ಎನ್‌ಕೋಡರ್ ಬಚಾವ್, ಆದರೆ ಆ ಟಾಸ್ಕಿಗೆ ಯಾವ ಪ್ರಯಾರಿಟಿ ಕೊಡಬೇಕು? ಎಲ್ಲರಿಗಿಂತ ಮೇಲಿಟ್ಟರೆ ಕೆಳಗಿನವರನ್ನು ಎಬ್ಬಿಸುವ ಕೆಲಸಕ್ಕೆ ಮೇಲಿನವರು ಕಾಯಬೇಕು. ಕೆಳಗಿಟ್ಟರೆ ಮೇಲಿನವರು ಏಳುವುದೇ ತಡ. ಪಟ್ಟಿಯನ್ನು ಪ್ರಯಾರಿಟಿಗೊಂದರಂತೆ ಒಡೆದರೆ ಪ್ರತಿ ಟಿಕ್‌ನಲ್ಲೂ ಎಲ್ಲ ತಲೆಗಳನ್ನು ನೋಡುವ ಖರ್ಚು.

ಈ ಮೂರರಲ್ಲಿ ಯಾವುದು ಯಾವ ಟಾಸ್ಕ್ ಸಮೂಹಕ್ಕೆ ಮೇಲು ಎಂದು ಮುಂಚಿತವಾಗಿ ಹೇಳುವ ದಾರಿ ನನಗೆ ಸಿಕ್ಕಿಲ್ಲ. ಮಧ್ಯಾಹ್ನದ ಶೆಡ್ಯೂಲಿಂಗ್ ಗೋಷ್ಠಿಯವರೂ ಪಕ್ಕದ ಕೊಠಡಿಯ ಕರ್ನಲ್ ಗೋಷ್ಠಿಯವರೂ ಒಂದೇ ಹೊತ್ತಿಗೆ ಬೇರೆ ಬೇರೆ ಕಡೆ ಕೂರುವಂತೆ ಕಾರ್ಯಕ್ರಮ ಪಟ್ಟಿ ಮಾಡಿದ್ದಾರೆ. ನಡುವೆ ಒಂದು ಮಡಚುವ ಗೋಡೆಯಷ್ಟೇ ಇದೆ ಎಂದು ಬೆಳಿಗ್ಗೆ ನೋಡಿದೆ. ಆಯೋಜಕರು ಅದನ್ನು ಸರಿಸಿಕೊಟ್ಟರೆ ಈ ಪ್ರಶ್ನೆಯನ್ನು ಇಬ್ಬರ ಮುಂದೆಯೂ ಇಡುತ್ತೇನೆ.