ಮೊದಲ ಸಲ ಕೇಳಿಸುವವರು

(ಮುಂಬಯಿಯಲ್ಲಿ ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಲ್ಲಿ ಜರ್ಮನಿಯ ಸಂಗೀತದ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಮಾತು ಮುಗಿಯುವುದರೊಳಗೆ ಉತ್ತರ ದೊರೆತೀತೆಂದು ನಂಬಿದ್ದೇನೆ. ಹಾನ್ಸ್ ರೋಸ್‌ಬೌಡ್ ಎಂಬ ಕಂಡಕ್ಟರರ ವಿಷಯವನ್ನು ಇಂದು ತಮ್ಮ ಮುಂದೆ ಅರಿಕೆ ಮಾಡುತ್ತೇನೆ. ಕಂಡಕ್ಟರ್ ಎಂದೊಡನೆ ಬಸ್ಸಿನಲ್ಲಿ ಟಿಕೆಟು ಕೊಡುವವರು ನೆನಪಾದರೆ ಅದೂ ಪೂರ್ತಿ ತಪ್ಪಲ್ಲ. ಅವರಂತೆ ಇವರೂ ಬಂಡಿಯನ್ನು ತಾವು ನಡೆಸುವವರಲ್ಲ. ಎಲ್ಲರನ್ನೂ ಹೊತ್ತಿಗೆ ಸರಿಯಾಗಿ ಊರು ಮುಟ್ಟಿಸುವವರು.

ನಮ್ಮ ಯಕ್ಷಗಾನದಲ್ಲಿ ಭಾಗವತರು ಮೇಳವನ್ನೆಲ್ಲ ನಡೆಸುತ್ತಾರೆ. ಆದರೆ ಅವರು ತಾವೂ ಹಾಡುತ್ತಾರೆ. ಪಾಶ್ಚಾತ್ಯ ವಾದ್ಯವೃಂದದ ಕಂಡಕ್ಟರರಾದರೋ ಒಂದು ಸ್ವರವನ್ನೂ ನುಡಿಸುವುದಿಲ್ಲ. ಅಲ್ಲಿ ಪ್ರತಿಯೊಂದು ಸ್ವರವೂ ಮೊದಲೇ ಬರೆದಿಟ್ಟದ್ದು. ಅರುವತ್ತು, ಎಂಬತ್ತು ಮಂದಿ ವಾದ್ಯಗಾರರಲ್ಲಿ ಒಬ್ಬೊಬ್ಬರ ಮುಂದೆಯೂ ಅವರವರ ಪಾಲಿನ ಹಾಳೆ ಮಾತ್ರ ಇರುತ್ತದೆ. ಇಡಿಯ ಕೃತಿಯನ್ನು ಒಟ್ಟಿಗೆ ಕಣ್ಣಮುಂದೆ ಇಟ್ಟುಕೊಂಡವರು ಕಂಡಕ್ಟರರೊಬ್ಬರೇ.

ಹಳೆಯ ಕೃತಿಯಾದರೆ ಎಲ್ಲರ ಕಿವಿಯಲ್ಲೂ ಅದು ಮೊದಲೇ ಇರುತ್ತದೆ. ಬೀಥೋವನನ ಕೃತಿಯನ್ನು ಕೆಟ್ಟದಾಗಿ ನುಡಿಸಿದರೆ ಜನ ನುಡಿಸಿದವರನ್ನು ಬಯ್ಯುತ್ತಾರೆ. ಹೊಸ ಕೃತಿಯನ್ನು ಕೆಟ್ಟದಾಗಿ ನುಡಿಸಿದರೆ ಬರೆದವನನ್ನು ಬಯ್ಯುತ್ತಾರೆ. ತಪ್ಪು ಯಾರದೆಂದು ತಿಳಿಯುವ ಬಗೆಯೇ ಅವರಿಗಿಲ್ಲ. ರೋಸ್‌ಬೌಡರು ತಮ್ಮ ಜೀವಮಾನದ ದೊಡ್ಡ ಪಾಲನ್ನು ಈ ಅನ್ಯಾಯ ತಪ್ಪಿಸುವುದಕ್ಕಾಗಿಯೇ ಸವೆಸಿದರು.

ಅವರು ಹುಟ್ಟಿದ್ದು 1895ರಲ್ಲಿ, ಆಸ್ಟ್ರಿಯದ ಗ್ರಾಟ್ಸ್ ನಗರದಲ್ಲಿ. ಮೊದಲ ಪಾಠ ಪಿಯಾನೊ ಹೇಳಿಕೊಡುತ್ತಿದ್ದ ತಾಯಿಯಿಂದ. ಫ್ರಾಂಕ್‌ಫರ್ಟಿನಲ್ಲಿ ಓದಿ, 1921ರಲ್ಲಿ ಮೈನ್ಟ್ಸ್ ನಗರದ ಸಂಗೀತಶಾಲೆಯ ಮುಖ್ಯಸ್ಥರಾದರು. 1929ರಲ್ಲಿ ಫ್ರಾಂಕ್‌ಫರ್ಟಿನ ರೇಡಿಯೋ ವಾದ್ಯವೃಂದಕ್ಕೆ ಬಂದರು. ಆಗ ರೇಡಿಯೋ ಎಂಬುದೇ ಹೊಸತು. ಟಿಕೆಟು ಮಾರಾಟದ ಹಂಗಿಲ್ಲದ್ದರಿಂದ ಜನ ಕೇಳಿರದ ಸಂಗೀತಕ್ಕೂ ಅಲ್ಲಿ ಎಡೆಯಿತ್ತು.

ಆರ್ನಾಲ್ಡ್ ಶೋನ್‌ಬರ್ಗ್ ಎಂಬ ಕೃತಿಕಾರರು 1913ರಿಂದ 1916ರವರೆಗೆ ಬರೆದ ನಾಲ್ಕು ಗೀತೆಗಳು ಹದಿನಾರು ವರ್ಷ ಕಾಗದದ ಮೇಲೆಯೇ ಇದ್ದವು. 1932ರ ಫೆಬ್ರವರಿಯಲ್ಲಿ ರೋಸ್‌ಬೌಡರು ಅವನ್ನು ಮೊದಲ ಸಲ ನುಡಿಸಿದರು. ಅದಕ್ಕೂ ಮುನ್ನ, ಆ ಗೀತೆಗಳನ್ನು ಹೇಗೆ ಕೇಳಬೇಕೆಂದು ಕೃತಿಕಾರರೇ ಬರೆದು ಕಳುಹಿಸಿದ ಉಪನ್ಯಾಸವನ್ನು ರೇಡಿಯೋದಲ್ಲಿ ತಾವೇ ಓದಿದರು. ಹೊಸದನ್ನು ಜನರ ತಲೆಯ ಮೇಲೆ ಹೇರಲಿಲ್ಲ. ಬಾಗಿಲು ತೆರೆದು ಒಳಗೆ ಕರೆದರು.

1933ರ ಜನವರಿ 23ರಂದು ಹಂಗರಿಯ ಬಾರ್ಟೋಕ್ ತಮ್ಮ ಎರಡನೆಯ ಪಿಯಾನೊ ಕನ್ಚರ್ಟೊವನ್ನು ಅದೇ ಫ್ರಾಂಕ್‌ಫರ್ಟಿನಲ್ಲಿ ತಾವೇ ಪಿಯಾನೊ ಮುಂದೆ ಕುಳಿತು ನುಡಿಸಿದರು. ವಾದ್ಯವೃಂದವನ್ನು ನಡೆಸಿದವರು ರೋಸ್‌ಬೌಡರು. ಸರಿಯಾಗಿ ಒಂದು ವಾರಕ್ಕೆ, ಜನವರಿ 30ರಂದು, ಹಿಟ್ಲರನು ಅಧಿಕಾರಕ್ಕೆ ಬಂದನು. ಯೆಹೂದ್ಯರಾದ ಶೋನ್‌ಬರ್ಗರು ಆ ವರ್ಷವೇ ಜರ್ಮನಿ ಬಿಟ್ಟರು. ಬಾರ್ಟೋಕರು ಮತ್ತೆಂದೂ ಅಲ್ಲಿ ಕಚೇರಿ ಮಾಡಲಿಲ್ಲ.

ರೋಸ್‌ಬೌಡರು ಹೋಗಲಿಲ್ಲ. 1937ರಲ್ಲಿ ಮ್ಯೂನ್‌ಸ್ಟರ್ ನಗರಕ್ಕೂ, 1941ರಲ್ಲಿ ಜರ್ಮನರು ಆಕ್ರಮಿಸಿಕೊಂಡಿದ್ದ ಸ್ಟ್ರಾಸ್‌ಬೂರ್ಗಿಗೂ ಹೋಗಿ ಕೆಲಸ ಮಾಡಿದರು. ಅವರ ತಮ್ಮ ಪಾಲ್, ವಿಜ್ಞಾನ ಪ್ರಕಟಣೆಗಳ ಕೆಲಸದಲ್ಲಿದ್ದವರು, ಜರ್ಮನಿಯೊಳಗಿದ್ದುಕೊಂಡೇ ಅಲ್ಲಿಯ ವಿಜ್ಞಾನರಹಸ್ಯಗಳನ್ನು ಬ್ರಿಟಿಷರಿಗೆ ಮುಟ್ಟಿಸುತ್ತಿದ್ದರು. ಅಣ್ಣನಾದರೋ ಆ ಆಳ್ವಿಕೆಯಲ್ಲಿ ಕೋಲು ಹಿಡಿದೇ ಇದ್ದರು. ದೊಡ್ಡವರ ಚರಿತ್ರೆಯಲ್ಲಿ ಇಂಥದನ್ನು ಮುಚ್ಚಿಡುವುದು ಸಲ್ಲದು.

ಯುದ್ಧ ಮುಗಿದ ಮೇಲೆ ಕೆಲಕಾಲ ಮ್ಯೂನಿಕ್ಕಿನಲ್ಲಿದ್ದು, 1948ರಲ್ಲಿ ಬಾಡೆನ್-ಬಾಡೆನ್ ಎಂಬ ಊರಿನ ರೇಡಿಯೋ ವಾದ್ಯವೃಂದಕ್ಕೆ ಬಂದರು. ನಿಂತುಹೋಗಿದ್ದ ಅವರ ನಿಜವಾದ ಕೆಲಸ ಇಲ್ಲಿ ಮತ್ತೆ ಚಿಗುರಿತು. ಶೋನ್‌ಬರ್ಗರು 1951ರಲ್ಲಿ ತೀರಿಕೊಂಡಾಗ ಅವರ ‘ಮೋಸೆಸ್ ಮತ್ತು ಆರೋನ್’ ಎಂಬ ಸಂಗೀತನಾಟಕ ಅಪೂರ್ಣವಾಗಿಯೇ ಉಳಿದಿತ್ತು. ಅದರ ಒಂದು ಭಾಗ ಮಾತ್ರ ಅವರ ಸಾವಿಗೆ ಕೆಲವೇ ದಿನ ಮೊದಲು ಶೆರ್ಖೆನ್ ಎಂಬ ಕಂಡಕ್ಟರರಿಂದ ಹೊರಬಂದಿತ್ತು. 1954ರ ಮಾರ್ಚಿನಲ್ಲಿ ಹ್ಯಾಂಬರ್ಗಿನ ರೇಡಿಯೋ ಅದರ ಎರಡು ಅಂಕಗಳನ್ನು ಕೇಳಿಸಲು ಹೊರಟಿತು. ನಡೆಸಬೇಕಾಗಿದ್ದ ಕಂಡಕ್ಟರರು ಕಾಯಿಲೆ ಬಿದ್ದರು. ಎಂಟೇ ದಿನಗಳ ಅವಧಿಯಲ್ಲಿ ರೋಸ್‌ಬೌಡರು ಆ ಮಹಾಕೃತಿಯನ್ನು ಕರಗತ ಮಾಡಿಕೊಂಡು ಮಾರ್ಚ್ 12ರಂದು ನಡೆಸಿಕೊಟ್ಟರು. 1957ರಲ್ಲಿ ಜ್ಯೂರಿಕ್ಕಿನಲ್ಲಿ ಅದು ಮೊದಲ ಸಲ ರಂಗಕ್ಕೇರಿದಾಗಲೂ ಅವರೇ ನಡೆಸಿದರು.

ಅವಸರ ಬಿದ್ದಾಗ ಎಂಟು ದಿನ. ಆದರೆ ಅವಸರ ಅವರ ಅಭ್ಯಾಸವಲ್ಲ. ಫ್ರಾನ್ಸಿನ ತರುಣ ಪಿಯೆರ್ ಬುಲೇಜರ ‘ಲ ಮಾರ್ತೋ ಸಾಂ ಮೇತ್ರ್’ ಎಂಬ ಕೃತಿಗೆ ಬೇಕಾದವರು ಒಬ್ಬ ಗಾಯಕಿ, ಕೆಲವೇ ವಾದ್ಯಗಾರರು. ಅದಕ್ಕಾಗಿ ರೋಸ್‌ಬೌಡರು ಐವತ್ತರಷ್ಟು ಸಲ ತಾಲೀಮು ನಡೆಸಿದರೆಂದು ಹೇಳುತ್ತಾರೆ. 1955ರ ಜೂನ್ 18ರಂದು ಅದು ಹೊರಬಂತು. ಕೃತಿಯೂ ಅವರಿಗೇ ಅಂಕಿತವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಡೊನೌಎಷಿಂಗನ್ ಉತ್ಸವದಲ್ಲಿ ಸೆನಾಕಿಸ್ ಎಂಬ ಗ್ರೀಕ್ ಎಂಜಿನಿಯರರ ಕೃತಿಯನ್ನು ಕೇಳಿಸಿದರು. ನಮ್ಮ ಚಂಡೀಗಢವನ್ನು ಯೋಜಿಸಿದ ಲ ಕಾರ್ಬೂಸಿಯೆರ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದವರು ಈ ಸೆನಾಕಿಸ್. 61 ವಾದ್ಯಗಾರರ ಆ ಕೃತಿಯಲ್ಲಿ ತಂತಿವಾದ್ಯದವರಿಗೆಲ್ಲ ಒಬ್ಬೊಬ್ಬರಿಗೆ ಒಂದೊಂದು ದಾರಿ. 1961ರಲ್ಲಿ ಅದೇ ಉತ್ಸವದಲ್ಲಿ ಲಿಗೆಟಿಯವರ ‘ಆಟ್ಮೋಸ್ಫೇರ್’ ನುಡಿಸಿದಾಗ ಜನ ಮತ್ತೊಮ್ಮೆ ಎಂದು ಕೇಳಿ ಮತ್ತೆ ನುಡಿಸಿಕೊಂಡರು. ಮರುವರ್ಷ ಡಿಸೆಂಬರ್ 29ರಂದು ರೋಸ್‌ಬೌಡರು ಕಾಲವಾದರು. 1968ರಲ್ಲಿ ಅದೇ ‘ಆಟ್ಮೋಸ್ಫೇರ್’ ಕ್ಯೂಬ್ರಿಕ್ಕರ ಆಕಾಶಯಾನದ ಚಿತ್ರದಲ್ಲಿ ಸೇರಿ, ದೇಶದೇಶಗಳ ಸಿನಿಮಾ ಮಂದಿರಗಳಲ್ಲಿ ಮೊಳಗಿತು.

ಇಂಥವರಿಗೆ ಹಳೆಯದರಲ್ಲಿ ಆದರವಿರಲಿಲ್ಲವೆಂದು ಮಾತ್ರ ಎಣಿಸಬಾರದು. ಫ್ರಾನ್ಸಿನ ಎಕ್ಸ್ ನಗರದ ಉತ್ಸವದಲ್ಲಿ ಅವರು ಮೋಟ್ಸಾರ್ಟನ ಸಂಗೀತನಾಟಕಗಳನ್ನು ನಡೆಸಿ ಕೀರ್ತಿ ಪಡೆದರು. ಹಳೆಯದನ್ನು ಆಳವಾಗಿ ಬಲ್ಲ ಕೈಯೇ ಹೊಸದನ್ನು ನೆಚ್ಚಿಕೆಯಿಂದ ಎತ್ತಿಕೊಳ್ಳಬಲ್ಲದು.

ಈ ಬಗೆಯ ಔದಾರ್ಯ ಕನ್ನಡನಾಡಿಗೂ ಹೊರತಲ್ಲ. ರಿಚರ್ಡ್ ಸ್ಟ್ರಾಸರ ‘ಕೊನೆಯ ನಾಲ್ಕು ಗೀತೆಗಳು’ ಅವರು ತೀರಿಕೊಂಡ ಮೇಲೆ, 1950ರ ಮೇ 22ರಂದು, ಲಂಡನ್ನಿನಲ್ಲಿ ಫರ್ಟ್‌ವೆಂಗ್ಲರರ ನೇತೃತ್ವದಲ್ಲಿ ಮೊದಲ ಸಲ ಕೇಳಿಬಂದಾಗ, ಅದರ ವೆಚ್ಚಕ್ಕೆ ಬೆಂಬಲವಾಗಿ ನಿಂತವರು ಮೈಸೂರಿನ ಜಯಚಾಮರಾಜ ಒಡೆಯರು. ರಷ್ಯದ ಮೆಟ್ನರರ ಕೃತಿಗಳು ಧ್ವನಿಮುದ್ರಣವಾದದ್ದೂ ಅವರ ಹಣದಿಂದ. ಕರ್ನಾಟಕ ಸಂಗೀತದಲ್ಲಿ ತಾವೇ ಕೃತಿಗಳನ್ನು ರಚಿಸಿದ ಅರಸರು ದೂರದೇಶದ ಕೃತಿಕಾರರ ಕಷ್ಟವನ್ನೂ ಅರಿತಿದ್ದರು.

ಈಗ ನಮ್ಮ ಮಾತಿಗೆ ಬರೋಣ. ಊರಿನಲ್ಲಿ ಹುಟ್ಟಿ ಬೆಳೆದ ನಮಗೆ ದಾಸರ ಪದವೂ ಯಕ್ಷಗಾನದ ಪ್ರಸಂಗವೂ ಹಳೆಯವು. ಹಾಡುವವರು ತಪ್ಪಿದರೂ ನಮ್ಮ ಕಿವಿ ಒಳಗಿಂದೊಳಗೇ ತಿದ್ದಿಕೊಳ್ಳುತ್ತದೆ. ಈ ಮುಂಬಯಿಯಲ್ಲಿ ಹುಟ್ಟಿದ ಮಗುವಿಗೆ ಹಾಗಲ್ಲ. ಅದಕ್ಕೆ ಆ ಪದ ಶೋನ್‌ಬರ್ಗರ ಗೀತೆಯಷ್ಟೇ ಹೊಸದು. ಎರಡು ಸಂಜೆಯ ತಾಲೀಮಿನಲ್ಲಿ ನಾವು ಹೇಗೋ ಒಪ್ಪಿಸಿದ ನಾಟಕವನ್ನು ನೋಡಿ ಅದು ‘ಅವರು ಚೆನ್ನಾಗಿ ಮಾಡಲಿಲ್ಲ’ ಎನ್ನುವುದಿಲ್ಲ; ‘ಕನ್ನಡ ನಾಟಕವೆಂದರೆ ಇಷ್ಟೇ’ ಎನ್ನುತ್ತದೆ. ನಮ್ಮ ಸೋಮಾರಿತನದ ದಂಡವನ್ನು ಕನ್ನಡ ತೆರಬೇಕಾಗುತ್ತದೆ.

ಆದುದರಿಂದ ಸಂಘದ ಕಾರ್ಯಕರ್ತರಲ್ಲಿ ನನ್ನದೊಂದು ಬಿನ್ನಹ. ಕಾರ್ಯಕ್ರಮಗಳ ಸಂಖ್ಯೆ ಕಡಿಮೆಯಾದರೆ ಆಗಲಿ. ವರ್ಷಕ್ಕೊಂದು ನಾಟಕವಾದರೂ ಸಾಕು. ಅದಕ್ಕೆ ಐವತ್ತಲ್ಲದಿದ್ದರೆ ಇಪ್ಪತ್ತೈದು ತಾಲೀಮು ನಡೆಯಲಿ. ತೆರೆ ಏಳುವ ಮೊದಲು ಯಾರಾದರೊಬ್ಬರು ಎದ್ದುನಿಂತು, ಮಕ್ಕಳಿಗೆ ತಿಳಿಯುವಂತೆ ನಾಲ್ಕು ಮಾತು ಹೇಳಲಿ. ನಮ್ಮ ಸಭಾಂಗಣದಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿರುವ ಈ ಎಳೆಯರು ಮೊದಲ ಸಲ ಕೇಳುವವರು. ಅವರಿಗೆ ಕೇಳಿಸುವವರು ನಾವು.